ಹತ್ತು ದಿನ ಬಾಯಿ ಮುಚ್ಚಿದ ಸೂಲಗಿತ್ತಿ

ಆ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡು ಎಲ್ಲಿದೆ ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಗೇಟಿನ ಹತ್ತಿರ ನಿಂತು ಕಿವಿಗೊಟ್ಟರೆ ಸಾಕು, ದೊಡ್ಡಬಾಯಿ ಸಿಸ್ಟರ್ ದನಿ ಎರಡನೇ ಮಹಡಿಯಿಂದ ತಾನಾಗಿ ಇಳಿದು ಬರುತ್ತಿತ್ತು. "ಮುಕ್ಕು ಮಗಳೇ, ಮುಕ್ಕು! ಇಷ್ಟೇನಾ ನಿನ್ನ ಶಕ್ತಿ? ಗಂಡನ ಜೊತೆ ಜಗಳ ಆಡೋವಾಗ ಎಲ್ಲಿಂದ ಬರುತ್ತೆ? ಹಾಂ, ಹಾಗೆ! ನನ್ನ ಬಂಗಾರ!" ಹೆರುವ ಹೆಂಗಸು ನೋವಿನ ನಡುವೆಯೂ ನಕ್ಕುಬಿಡುತ್ತಿದ್ದಳು. ಹೊರಗೆ ಬೆಂಚಿನ ಮೇಲೆ ಕೂತ ಗಂಡ ಮಾತ್ರ ನಾಚಿಕೊಂಡು ಗೋಡೆಯ ಗಡಿಯಾರ ನೋಡುತ್ತಿದ್ದ.

ಮೂವತ್ತೊಂದು ವರ್ಷದಿಂದ ಅವಳು ಅಲ್ಲಿ ಸೂಲಗಿತ್ತಿ. ಹೆರಿಗೆಗಳ ಲೆಕ್ಕ ಎಂಟು ಸಾವಿರ ದಾಟಿದ ಮೇಲೆ ಅವಳೇ ಎಣಿಸುವುದನ್ನು ಬಿಟ್ಟಿದ್ದಳು. ದೊಡ್ಡಬಾಯಿ ಎಂದು ಹೆಸರಿಟ್ಟವಳು ಯಾವಳೋ ಹಳೆಯ ಆಯಾ. ಸಿಸ್ಟರಿಗೆ ಅದರಿಂದ ಬೇಜಾರೇನೂ ಇರಲಿಲ್ಲ. "ಬಾಯಿ ಇದ್ದೋರು ಬದುಕ್ತಾರೆ ಅಂತಾರಲ್ಲ, ನಾನು ಬದುಕೋದೂ ಅಲ್ದೆ ಬದುಕಿಸ್ತೀನಿ" ಎನ್ನುತ್ತಿದ್ದಳು. ಹೇಳಿ ಮತ್ತೆ, ಇಂಥವಳಿಗೆ ಬಾಯಿ ಮುಚ್ಚು ಎಂದು ಹೇಳುವ ಧೈರ್ಯ ಯಾರಿಗಿತ್ತು?

ಒಬ್ಬಳಿಗಿತ್ತು. ಅದನ್ನು ಹೇಳುವ ಮೊದಲು ಕಡಲಾಚೆಯ ಭೂಕಂಪದ ವಿಷಯ ಹೇಳಬೇಕು.

ಆ ದೂರದ ದೇಶದಲ್ಲಿ ನೆಲ ನಡುಗಿ ಊರಿಗೆ ಊರೇ ಮಕಾಡೆ ಬಿದ್ದು ಒಂದು ತಿಂಗಳಾಗಿತ್ತು. ಪರಿಹಾರಕ್ಕೆ ಹೊರಟ ತಂಡವೊಂದು ಆಸ್ಪತ್ರೆಗೆ ಕಾಗದ ಬರೆದಿತ್ತು: ಡೇರೆಗಳಲ್ಲಿ ಮುನ್ನೂರು ಬಸುರಿಯರಿದ್ದಾರೆ, ನೋಡಿಕೊಳ್ಳಲು ಮೂವರು ಸೂಲಗಿತ್ತಿಯರು ಬೇಕು, ಮೂರು ತಿಂಗಳು, ವಯಸ್ಸು ಐವತ್ತೆಂಟರ ಒಳಗಿರಬೇಕು. ನೋಟಿಸ್ ಬೋರ್ಡಿನ ಮುಂದೆ ನಿಂತು ಓದಿದ ಸಿಸ್ಟರಿಗೆ ಐವತ್ತೆಂಟು ತುಂಬಲು ಇನ್ನೆರಡು ತಿಂಗಳಿತ್ತು. ಮದುವೆ ಮಾವ ಗೊತ್ತು ಮಾಡಿದ್ದು, ಕೆಲಸ ಅಪ್ಪ ಕೊಡಿಸಿದ್ದು, ಮನೆ ಗಂಡ ನೋಡಿದ್ದು. ತನಗೇ ಬೇಕು ಎಂದು ಅವಳು ಏನನ್ನೂ ಕೇಳಿದವಳಲ್ಲ. ಇದು ಮಾತ್ರ ಬೇಕೇ ಬೇಕು ಅನ್ನಿಸಿತು. ಅವತ್ತೇ ಊಟದ ಹೊತ್ತಿನಲ್ಲಿ ಅರ್ಜಿ ಬರೆದು ಹಾಕಿದಳು.

ಪರೀಕ್ಷೆಗೆ ಬನ್ನಿ ಎಂಬ ಪತ್ರ ಅವಳ ಕೈಗೆ ಸಿಕ್ಕಿದ್ದು ಪರೀಕ್ಷೆಯ ಹಿಂದಿನ ದಿನ. "ಅಂಚೆಯವರು ಇತ್ತೀಚೆಗೆ ತುಂಬಾ ನಿಧಾನ" ಎಂದ ಅವಳ ಗಂಡ, ಹೊಲಿಗೆ ಯಂತ್ರದ ಮೇಲಿಂದ ತಲೆ ಎತ್ತದೆ. ಅವನು ಟೈಲರ್. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ.

ಪರೀಕ್ಷೆ ನಡೆದದ್ದು ತಂಡದ ಕಚೇರಿಯ ದೊಡ್ಡ ಹಾಲಿನಲ್ಲಿ. ಅದರ ನಡುವೆ ನಿಜವಾದ ಡೇರೆಯೊಂದನ್ನು ನಿಲ್ಲಿಸಿದ್ದರು. ಒಳಗೆ ಒಂದು ಚಾಪೆ, ಒಂದು ಬ್ಯಾಟರಿ ದೀಪ, ಒಂದು ಬಕೆಟ್ ನೀರು. ಚಾಪೆಯ ಮೇಲೆ ಆ ದೇಶದವಳೇ ಆದ ಹೆಂಗಸೊಬ್ಬಳು ಒರಗಿದ್ದಳು. ಹೊಟ್ಟೆಗೆ ದೊಡ್ಡ ಚೀಲ ಕಟ್ಟಿಕೊಂಡಿದ್ದಳು. ಚೀಲದೊಳಗೆ ರಬ್ಬರಿನ ಮಗು. ಒಳಗಿನಿಂದ ಅದನ್ನು ತಳ್ಳುವುದು, ತಡೆಯುವುದು ಎಲ್ಲ ಅವಳ ಕೈಯಲ್ಲಿ. ಇಲ್ಲಿಯ ಮಾತು ಅವಳಿಗೆ ಒಂದಕ್ಷರವೂ ಬಾರದು. ನಿಯಮ ಒಂದೇ: ಅವಳಿಗೆ ಅರ್ಥವಾದದ್ದನ್ನು ಮಾತ್ರ ಅವಳು ಮಾಡುತ್ತಾಳೆ.

ಸಿಸ್ಟರ್ ಕೈಗವಸು ತೊಟ್ಟಳು, ಬಾಯಿ ಬಿಚ್ಚಿದಳು. "ಮುಕ್ಕು ತಾಯಿ, ಮುಕ್ಕು!" ದನಿಯ ಜೋರಿಗೇ ಆ ಹೆಂಗಸು ಮುಕ್ಕಿದಳು. ತಲೆ ಬಂತು. ಎಲ್ಲ ಸುಸೂತ್ರ. ಆಗ ಬೆರಳಿಗೆ ತಗುಲಿತು ನೋಡಿ, ಮಗುವಿನ ಕುತ್ತಿಗೆಗೆ ಹೊಕ್ಕುಳಬಳ್ಳಿ ಎರಡು ಸುತ್ತು. ತಾಯಿ ಎರಡು ಉಸಿರಿನಷ್ಟು ಹೊತ್ತು ಮುಕ್ಕದೆ ಇದ್ದರೆ ಬಳ್ಳಿಯನ್ನು ತಲೆಯ ಮೇಲಿಂದ ಜಾರಿಸಬಹುದು. "ನಿಲ್ಸು! ಮುಕ್ಬೇಡ! ಮುಕ್ಬೇಡ ಅಂದೆ!" ಎಂದು ಸಿಸ್ಟರ್ ಕೂಗಿದಳು. ಆ ಹೆಂಗಸಿಗೆ ಏನು ಗೊತ್ತು ಪಾಪ, ಅದೇ ಗಂಟಲು, ಅದೇ ಜೋರು. ಇನ್ನೂ ಬಲವಾಗಿ ತಳ್ಳು ಎನ್ನುತ್ತಿದ್ದಾಳೆ ಅಂದುಕೊಂಡು ಇದ್ದ ಶಕ್ತಿಯನ್ನೆಲ್ಲ ಬಿಟ್ಟು ತಳ್ಳಿದಳು. ಸಿಸ್ಟರ್ ಇನ್ನೂ ಜೋರಾಗಿ ಕೂಗಿದಳು. ಅವಳು ಇನ್ನೂ ಜೋರಾಗಿ ತಳ್ಳಿದಳು.

ಮೂಲೆಯಲ್ಲಿ ಕೂತಿದ್ದ ತಂಡದ ಮುಖ್ಯಸ್ಥೆ ಎದ್ದು ಬಂದು ಬಳ್ಳಿಯನ್ನು ಮುಟ್ಟಿ ನೋಡಿ ಬರೆದುಕೊಂಡಳು. ಅವಳು ಕಡ್ಡಿಯಂತೆ ಬಡಕಲಾದ ಡಾಕ್ಟರಮ್ಮ, ಮಾತೂ ಕಡ್ಡಿ ಮುರಿದ ಹಾಗೆ. "ಮಗು ಉಳೀಲಿಲ್ಲ ಸಿಸ್ಟರ್."

"ಗೊಂಬೆ ತಾನೇ ಡಾಕ್ಟ್ರೇ..."

"ಅಲ್ಲಿ ಗೊಂಬೆ ಇರಲ್ಲ. ನಿಮ್ಮ ಕೈಗೆ ನೂರಕ್ಕೆ ನೂರು ಕೊಡ್ತೀನಿ. ಆದ್ರೆ ನೀವು ಹೆರಿಗೆ ಮಾಡ್ಸೋದು ಬಾಯಿಂದ. ನಾಲ್ಕು ಡೇರೆಗೆ ಒಬ್ಬ ದುಭಾಷಿ, ಅವನು ಬರೋವರೆಗೂ ನೋವು ಕಾಯುತ್ತಾ?" ಡಾಕ್ಟರಮ್ಮ ಕಾಗದ ಮಡಚಿದಳು. "ಇಬ್ಬರು ಸಿಕ್ಕಿದ್ದಾರೆ, ಒಂದು ಜಾಗ ಖಾಲಿ ಇದೆ. ಹತ್ತು ದಿನ ಬಿಟ್ಟು ಇನ್ನೊಂದ್ಸಲ ಬನ್ನಿ. ಅಲ್ಲಿವರೆಗೂ ದಯವಿಟ್ಟು ಬಾಯಿ ಮುಚ್ಕೊಂಡಿರಿ."

ಬಸ್ಸಿನಲ್ಲಿ ಮನೆಗೆ ಬರುವಾಗ ಸಿಸ್ಟರ್ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತಳು. ಮೊದಲು ಅವಮಾನಕ್ಕೆ ಅತ್ತಳು. ಆಮೇಲೆ ಆ ರಬ್ಬರಿನ ಕುತ್ತಿಗೆ ಬೆರಳಿನ ನೆನಪಿಗೆ ಬಂದು ನಿಜವಾಗಿಯೂ ಅತ್ತಳು. ತನ್ನದೇ ದನಿಯಿಂದ ಒಂದು ಮಗು ಹೋಯಿತಲ್ಲ ಎಂದು. ಬಸ್ಸು ಇಳಿಯುವ ಹೊತ್ತಿಗೆ ಹಟ ಹತ್ತಿತ್ತು. ವಾರ್ಡಿನಲ್ಲಿ ಕೆಲಸಕ್ಕೆ ಬೇಕಾದಷ್ಟು ಮಾತು, ಅದು ಬಿಡುವ ಹಾಗಿಲ್ಲ. ಮನೆಯಲ್ಲಿ ಹತ್ತು ದಿನ ಒಂದೂ ಮಾತಾಡುವುದಿಲ್ಲ.

ಈಗ ತಪ್ಪು ನೋಡಿ. ಮಾತಾಡುವುದಿಲ್ಲ ಎಂದು ಮನೆಯವರಿಗೆ ಹೇಳುವುದಕ್ಕಾದರೂ ಒಂದು ಮಾತು ಬೇಕಲ್ಲ? ಅದನ್ನೂ ಆಡದೆ ಒಳಗೆ ಹೋದಳು. ಗಂಡ "ಏನಾಯ್ತೇ?" ಎಂದ. ಅವಳು ತುಟಿಯ ಮೇಲೆ ಬೆರಳಿಟ್ಟು ಅಡುಗೆಮನೆಗೆ ನಡೆದಳು. ಟೈಲರಪ್ಪ ಹೊಲಿಗೆ ಬಿಟ್ಟು ಅವಳ ಹಿಂದೆಯೇ ಅಡುಗೆಮನೆಯ ಬಾಗಿಲವರೆಗೆ ಬಂದ. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಹೆಂಡತಿ ಬೈದಿದ್ದಳು, ಕೂಗಿದ್ದಳು, ಒಮ್ಮೆ ಲಟ್ಟಣಿಗೆಯನ್ನೂ ಎತ್ತಿದ್ದಳು. ಸುಮ್ಮನಿದ್ದದ್ದು ಮಾತ್ರ ಇಲ್ಲವೇ ಇಲ್ಲ.

ಎರಡು ದಿನ ಅವನು ತಡೆದುಕೊಂಡ. ಅಳತೆ ತಪ್ಪಿ ಯಾರದೋ ಪ್ಯಾಂಟಿನ ಒಂದು ಕಾಲು ಗಿಡ್ಡವಾಯಿತು. ಮೂರನೇ ದಿನ ಬೆಳಗ್ಗೆ ಚಹಾದ ಲೋಟ ಹಿಡಿದುಕೊಂಡೇ ಅವನ ಬಾಯಿಂದ ಎಲ್ಲ ಉದುರಿತು. "ಆಯ್ತು ಕಣೇ, ಒಪ್ಕೋತೀನಿ! ಆ ಪತ್ರ ಬಂದಿದ್ದು ನಾಲ್ಕು ದಿನ ಮೊದಲು. ನಾನೇ ಗುಂಡಿ ಡಬ್ಬಿ ಕೆಳಗೆ ಇಟ್ಟಿದ್ದೆ. ನೀನು ಹೋದ್ರೆ ಮನೆ... ನಾನು... ಅಮ್ಮನ್ನ ಯಾರು ನೋಡ್ಕೋತಾರೆ? ಹೆದರಿಕೆ ಆಯ್ತು. ಆಮೇಲೆ ಮನಸ್ಸು ತಡೀದೆ ಕೊಟ್ಟೆ."

ಸಿಸ್ಟರಿಗೆ ಇದು ಗೊತ್ತೇ ಇರಲಿಲ್ಲ! ಬೈಗುಳಗಳೆಲ್ಲ ಗಂಟಲಿನವರೆಗೂ ಬಂದು ಸಾಲಾಗಿ ನಿಂತವು. ನಾಲ್ಕು ದಿನ ಮೊದಲು ಸಿಕ್ಕಿದ್ದರೆ ಯಾರನ್ನಾದರೂ ಕೇಳಿಕೊಂಡು, ತಯಾರಾಗಿ ಹೋಗುತ್ತಿದ್ದಳು. ಬಾಯಿ ಅರ್ಧ ತೆರೆಯಿತು. ಮುಚ್ಚಿಕೊಂಡಳು. ಗಂಡನ ಎದುರು ಕುರ್ಚಿ ಎಳೆದುಕೊಂಡು ಕೂತು ಅವನ ಮುಖವನ್ನೇ ನೋಡಿದಳು. ಎಷ್ಟು ನೋವಾಗಿದೆ, ಯಾಕೆ ಹೀಗೆ ಮಾಡಿದಿರಿ ಎನ್ನುವುದೆಲ್ಲ ಆ ನೋಟದಲ್ಲೇ ಇತ್ತು. ಟೈಲರಪ್ಪ ಚಹಾ ಕೆಳಗಿಟ್ಟು, ಕಣ್ಣೊರೆಸಿಕೊಂಡು ಮುಂದಿನ ಕೋಣೆಗೆ ಹೊಲಿಯಲು ಎದ್ದುಹೋದ.

ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದವಳು ಅತ್ತೆ. ವಯಸ್ಸು ಎಂಬತ್ತಮೂರು. ಹನ್ನೊಂದು ವರ್ಷದ ಹಿಂದೆ ಎರಡೂ ಕಿವಿ ಹೋಗಿದ್ದವು. ಕಿವಿಗೆ ಹಾಕುವ ಯಂತ್ರ ತರಿಸಿಕೊಟ್ಟರೂ ಏನೂ ಪ್ರಯೋಜನವಾಗಿರಲಿಲ್ಲ. ಅಂದಿನಿಂದ ಸೊಸೆ ಅವಳ ಕಿವಿಯ ಪಕ್ಕ ಬಾಯಿಟ್ಟು ಕಿರುಚಿಯೇ ಮಾತಾಡುವುದು. ಅತ್ತೆಗೆ ಅವತ್ತು ಹೊಟ್ಟೆ ಸರಿಯಾಗಿ ಆಯಿತೋ ಇಲ್ಲವೋ ಎನ್ನುವುದು ಅತ್ತೆಯೊಬ್ಬಳನ್ನು ಬಿಟ್ಟು ಇಡೀ ಬೀದಿಗೆ ಕೇಳಿಸುತ್ತಿತ್ತು.

"ನನ್ನ ಮಗನಿಗೆ ಇಷ್ಟು ಚೆನ್ನಾಗಿ ಬೈದಿದ್ದು ನೀನು ಇದೇ ಮೊದಲು" ಎಂದಳು ಅತ್ತೆ. ಸೊಸೆಯನ್ನು ಹತ್ತಿರ ಕರೆದಳು. "ಏನೇ ಇದು? ಮೂರು ದಿನದಿಂದ ನೋಡ್ತಿದ್ದೀನಿ. ನೀರು ಬೇಕಾ ಅಂತ ನನ್ನ ಮುಖ ನೋಡಿ ಕೇಳ್ತೀಯ. ಮಾತ್ರೆ ಕೊಡೋವಾಗ ಮುಖ ನೋಡಿ ಕೊಡ್ತೀಯ. ಹನ್ನೊಂದು ವರ್ಷ ನೀನು ನನ್ನ ಕಿವಿ ಜೊತೆ ಮಾತಾಡ್ತಿದ್ದೆ. ನನ್ನ ಜೊತೆ ಈಗ ಮಾತಾಡ್ತಿದ್ದೀಯ."

ಸಿಸ್ಟರ್ ಅತ್ತೆಯ ಪಕ್ಕ ಕೂತಳು. ಆಮೇಲೆ ಗಂಡನ ಬಟ್ಟೆ ಕತ್ತರಿಸುವ ಕಾಗದದ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದಳು. ಪರೀಕ್ಷೆ, ಆ ದೇಶದ ಹೆಂಗಸು, ಎರಡು ಸುತ್ತು ಬಳ್ಳಿ, ಕೂಗಿದ್ದು, ಮಗು ಹೋದದ್ದು. ಇನ್ನು ಏಳು ದಿನ ಇದೆ ಎಂದು ಕೊನೆಗೆ ಬರೆದಳು.

ಅತ್ತೆ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದಳು. ಓದಿ ಮುಗಿಸಿ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡಳು.

"ನನ್ನ ಮೊದಲ ಹೆರಿಗೆ ಹೀಗೇ ಆಗಿದ್ದು" ಎಂದಳು. "ನನಗಾಗ ಹತ್ತೊಂಬತ್ತು. ಕೋಣೆ ತುಂಬ ಜನ. ಎಲ್ಲರೂ ಕೂಗ್ತಿದ್ರು. ಒಬ್ಬಳು ಮುಕ್ಕು ಅಂತಾಳೆ, ಒಬ್ಬಳು ಬೇಡ ಅಂತಾಳೆ. ಆಗ ಕಿವಿ ಚೆನ್ನಾಗೇ ಇತ್ತು, ಆದ್ರೂ ನನಗೆ ಯಾರ ಮಾತೂ ಕೇಳಿಸ್ಲಿಲ್ಲ. ಹೆದರಿ ಮುಕ್ಕಿದೆ. ಅದರ ಕುತ್ತಿಗೆಗೂ ಬಳ್ಳಿ ಇತ್ತು. ಅದು ಅಳಲೇ ಇಲ್ಲ ಕಣೇ. ಇವನು ಅದಾದ ಮೇಲೆ ಹುಟ್ಟಿದೋನು."

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ತನಗಿಂತ ಮೊದಲು ಒಂದು ಮಗು ಹುಟ್ಟಿತ್ತೆಂದು ಟೈಲರಪ್ಪನಿಗೆ ಅರವತ್ತು ವರ್ಷದಲ್ಲಿ ಯಾರೂ ಹೇಳಿರಲಿಲ್ಲ.

"ಅಳ್ತಾ ನಿಂತ್ಕೋಬೇಡ" ಎಂದಳು ಅತ್ತೆ, ಸೊಸೆಯ ಕೆನ್ನೆ ತಟ್ಟಿ. "ಬಾ, ಹಾಸಿಗೆ ಹಾಸು. ಒಂದು ದಿಂಬು ತಾ. ಮಾತು ಕೇಳ್ಸದೇ ಇರೋಳ ಜೊತೆ ಹೇಗಿರಬೇಕು ಅಂತ ಡಾಕ್ಟ್ರಿಗಿಂತ ನನಗೆ ಚೆನ್ನಾಗಿ ಗೊತ್ತು."

ಎಂಬತ್ತಮೂರರ ಮುದುಕಿ ಹೊದಿಕೆಯ ಕೆಳಗೆ ದಿಂಬು ತುರುಕಿಕೊಂಡು ಏಳು ದಿನ ಹೆತ್ತಳು. ಬೆಳಗ್ಗೆ ಒಂದು ಹೆರಿಗೆ, ಸಂಜೆ ಡ್ಯೂಟಿ ಮುಗಿದ ಮೇಲೆ ಎರಡು. ಅಬ್ಬಬ್ಬಾ, ಏನು ನಟನೆ! ಉರುಳಾಡಿದಳು, ಸೊಸೆಯ ಕೈ ಕಚ್ಚಿದಳು, ಸತ್ತ ಗಂಡನನ್ನು ಹೆಸರು ಹಿಡಿದು ಶಪಿಸಿದಳು. ಬಟ್ಟೆ ಕೊಡಲು ಬಂದ ಗಿರಾಕಿಯೊಬ್ಬ ಬಾಗಿಲಲ್ಲೇ ಬೆವತು, ಡಾಕ್ಟರನ್ನು ಕರೆಯಲೇ ಎಂದು ಕೇಳಿದ.

ಪಾಠವೂ ಕಟ್ಟುನಿಟ್ಟು. "ಮೊದಲು ಮುಟ್ಟು. ಮುಟ್ಟದೇ ಎದುರಿಗೆ ಬಂದ್ರೆ ಭೂತ ಬಂದ ಹಾಗಾಗುತ್ತೆ. ಆಮೇಲೆ ಮುಖ ತೋರ್ಸು. ನೋಡು, ನಿನ್ನ ಹುಬ್ಬು ಬೈತಾ ಇದೆ! ನಿನಗೆ ಗಾಬರಿ ಆದಾಗೆಲ್ಲ ಸಿಟ್ಟು ಬಂದೋಳ ಹಾಗೆ ಕಾಣ್ತೀಯ." ಸೊಸೆ ಹುಬ್ಬು ಸಡಿಲಿಸಿದಳು. "ಹಲ್ಲು ಕಿರೀಬೇಡ, ಅದು ಸುಳ್ಳು ನಗು, ನೋವಲ್ಲಿ ಇರೋಳಿಗೆ ಗೊತ್ತಾಗುತ್ತೆ. ಉಸಿರು ತಗೋ ಅಂತ ಕೈ ಸನ್ನೆ ಮಾಡಿದ್ರೆ ನನಗೇನು ಗೊತ್ತಾಗುತ್ತೆ, ನೊಣ ಓಡಿಸ್ತಿದ್ದೀಯ ಅನ್ಕೋತೀನಿ. ನೀನೇ ಉಸಿರಾಡು. ನಾನು ನೋಡಿ ಆಡ್ತೀನಿ."

ಹಾಗೆಯೇ ಮಾಡಿದಳು ಸಿಸ್ಟರ್. ಬಾಯಿ ತೆರೆದು, ನಾಲಿಗೆಯ ತುದಿಯಿಂದ, ಓಡಿ ಬಂದವಳಂತೆ ಸಣ್ಣ ಸಣ್ಣ ಉಸಿರು ಬಿಟ್ಟಳು. ಎದುರಿಗೆ ಅತ್ತೆಯೂ ಬಿಟ್ಟಳು. ಹಾಗೆ ಉಸಿರು ಬಿಡುತ್ತಾ ಮುಕ್ಕಲು ಯಾರಿಗೂ ಆಗುವುದಿಲ್ಲ. ನೀವೇ ಬೇಕಾದರೆ ಮಾಡಿ ನೋಡಿ.

ಟೈಲರಪ್ಪ ಅಂಗಡಿಯ ಕೆಲಸ ಬದಿಗಿಟ್ಟು ಹೊಲಿಯಲು ಕೂತಿದ್ದ. ಪರೀಕ್ಷೆಯ ಪತ್ರದ ಜೊತೆ ತಂಡದವರು ಕಳಿಸಿದ್ದ ಪಟ್ಟಿಯಲ್ಲಿ ಹೆರಿಗೆಯ ಸಾಮಾನಿನ ಪೊಟ್ಟಣಗಳಿದ್ದವು: ಪ್ಲಾಸ್ಟಿಕ್ ಹಾಳೆ, ಸೋಪು, ಬ್ಲೇಡು, ಬಳ್ಳಿ ಕಟ್ಟುವ ದಾರ, ಕೈಗವಸು, ಮಗುವನ್ನು ಸುತ್ತುವ ಬಟ್ಟೆ. ಎಲ್ಲವೂ ಹಿಡಿಯುವಂಥ ಚೀಲಗಳನ್ನು ಅವನು ಮುನ್ನೂರು ಹೊಲಿದ. ಯಾರೂ ಹೇಳಿರಲಿಲ್ಲ. ಪಾಸಾಗದೇ ಹೋದರೂ ಬೇರೆಯವರ ಕೈಯಲ್ಲಿ ಹೋಗಲಿ ಎಂದು ಹೊಲಿದ. "ನಿನ್ನ ಯಾರು ನೋಡ್ಕೋತಾರೆ ಅಮ್ಮಾ" ಎಂದು ಅವನು ಕಾಗದದ ಮೇಲೆ ಬರೆದು ತೋರಿಸಿದಾಗ, ತಾಯಿ ಅವನ ಎರಡೂ ಕೈ ಹಿಡಿದು ಅವನ ಕಣ್ಣ ಮುಂದೆ ಎತ್ತಿ ತೋರಿಸಿದಳು. ಅವನು ಮರುದಿನದಿಂದ ತಾಯಿಯ ಮಾತ್ರೆಗಳ ಹೊತ್ತು ಕಲಿತುಕೊಂಡ.

ವಾರ್ಡಿನಲ್ಲಿ ಎರಡನೇ ಮಹಡಿ ಹತ್ತಿದವರೆಲ್ಲ "ಸಿಸ್ಟರ್ ರಜೆಯಾ?" ಎಂದು ಕೇಳುವಂತಾಯಿತು. ಒಂಬತ್ತನೇ ದಿನ ಚೊಚ್ಚಲ ಹೆರಿಗೆಯವಳೊಬ್ಬಳು, ಹಾಸಿಗೆಯ ಕಬ್ಬಿಣ ಹಿಡಿದು ನಡುಗುತ್ತಿದ್ದವಳು, ಸಿಸ್ಟರಿನ ಉಸಿರು ನೋಡಿಕೊಂಡು, ಸಿಸ್ಟರ್ ಆಡಿದ ನಾಲ್ಕೇ ಮಾತಿಗೆ ಹೆತ್ತಳು. ಒಂದು ಹೊಲಿಗೆಯೂ ಬೇಕಾಗಲಿಲ್ಲ. ಸಿಸ್ಟರ್ ಕೈ ತೊಳೆಯುತ್ತಾ ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತಳು. ಮೂವತ್ತೊಂದು ವರ್ಷ ತಾನು ಕೂಗಿದ್ದರಲ್ಲಿ ಎಷ್ಟು ಅವರಿಗಾಗಿ, ಎಷ್ಟು ತನ್ನ ಹೆದರಿಕೆಗಾಗಿ ಎಂದು ಯೋಚಿಸಿದಳು.

ಹನ್ನೊಂದನೇ ದಿನ ಮತ್ತೆ ಅದೇ ಡೇರೆ, ಅದೇ ಹೆಂಗಸು, ಅದೇ ರಬ್ಬರಿನ ಮಗು. ಕಡ್ಡಿ ಡಾಕ್ಟರಮ್ಮ ಮೂಲೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು.

ಸಿಸ್ಟರ್ ಚಾಪೆಯ ಪಕ್ಕ ಮಂಡಿಯೂರಿದಳು. ಮೊದಲು ಹೆಂಗಸಿನ ಭುಜ ಮುಟ್ಟಿದಳು. ಮುಖ ತೋರಿಸಿದಳು. ಹುಬ್ಬು ಸಡಿಲ ಬಿಟ್ಟಳು. ಎಲ್ಲ ಅತ್ತೆ ಹೇಳಿದ ಹಾಗೆಯೇ ನಡೆಯಿತು, ತಲೆ ಬರುವವರೆಗೆ. ಕುತ್ತಿಗೆಯ ಸುತ್ತ ಬೆರಳಾಡಿಸಿದಳು. ಈ ಸಲವೂ ಬಳ್ಳಿ ಎರಡು ಸುತ್ತು. ಈಗ ಉಸಿರು ತೋರಿಸಬೇಕು ಎಂದು ತಲೆ ಎತ್ತಿದರೆ, ಆ ಹೆಂಗಸು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡುಬಿಟ್ಟಿದ್ದಳು! ಡಾಕ್ಟರಮ್ಮನೇ ಹೇಳಿಕೊಟ್ಟಿರಬೇಕು. ನೋವಿನಲ್ಲಿ ಎಷ್ಟೋ ಜನ ಹಾಗೆ ಮುಚ್ಚಿಕೊಳ್ಳುತ್ತಾರೆ. ಏಳು ದಿನದ ಪಾಠದಲ್ಲಿ ಅತ್ತೆ ಒಂದು ಸಲವೂ ಕಣ್ಣು ಮುಚ್ಚಿರಲಿಲ್ಲ. ಪಾಪ, ಕಣ್ಣು ಮುಚ್ಚಿದರೆ ಅವಳಿಗೆ ಲೋಕವೇ ಇಲ್ಲವಲ್ಲ.

ಹೆಂಗಸಿನ ಹೊಟ್ಟೆ ಬಿಗಿಯಾಯಿತು. ಇನ್ನೇನು ಮುಕ್ಕುತ್ತಾಳೆ. ಸಿಸ್ಟರಿಗೆ ಗಂಟಲಿನಲ್ಲಿ ಆ ಹಳೆಯ ಕೂಗು ಎದ್ದು ಬಂದದ್ದು ಗೊತ್ತಾಯಿತು. ನುಂಗಿದಳು. ಬಲಗೈಯನ್ನು ಮಗುವಿನ ತಲೆಯ ಮೇಲೆ ಹಾಗೇ ಬಿಟ್ಟು, ಎಡಗೈಯಿಂದ ಆ ಹೆಂಗಸಿನ ಕೈಯನ್ನು ಮೆಲ್ಲಗೆ ಕೆಳಗೆ ತಂದು ಅದೇ ತಲೆಯ ಮೇಲಿಟ್ಟಳು. ಇಗೋ, ನಿನ್ನ ಮಗು, ಇಲ್ಲಿದೆ.

ಹೆಂಗಸಿನ ಬೆರಳುಗಳು ಆ ಪುಟ್ಟ ನೆತ್ತಿಯ ಮೇಲೆ ನಿಂತವು. ಕಣ್ಣು ತೆರೆಯಿತು. ಸಿಸ್ಟರ್ ಕಾಯುತ್ತಿದ್ದಳು. ಸಣ್ಣ ಸಣ್ಣ ಉಸಿರು ಬಿಟ್ಟಳು. ಹೆಂಗಸೂ ಬಿಟ್ಟಳು. ಒಂದು ಉಸಿರು, ಎರಡು ಉಸಿರು, ಮೂರು. ಬಳ್ಳಿಯ ಮೊದಲ ಸುತ್ತು ತಲೆಯ ಮೇಲಿಂದ ಜಾರಿತು, ಎರಡನೆಯದೂ ಜಾರಿತು. ಆಗ ಸಿಸ್ಟರ್ ಗದ್ದ ಎದೆಗೊತ್ತಿ ತಾನೇ ಮುಕ್ಕುವಂತೆ ಮುಖ ಮಾಡಿದಳು. ಹೆಂಗಸು ನಗುತ್ತಲೇ ತಳ್ಳಿದಳು. ಮಗು ಬಂತು.

ನಗುತ್ತಿದ್ದವಳು ಆ ಗೊಂಬೆಯನ್ನು ಎದೆಗೆ ಅವುಚಿಕೊಂಡು ಅತ್ತುಬಿಟ್ಟಳು. ತನ್ನ ಮಾತಿನಲ್ಲಿ ಏನೋ ಹೇಳಿದಳು. ಡಾಕ್ಟರಮ್ಮನಿಗೆ ಆ ಭಾಷೆ ಬರುತ್ತಿತ್ತು. "ಅವಳ ತಂಗಿ ಆ ಡೇರೆಗಳಲ್ಲಿದ್ದಾಳೆ, ಏಳು ತಿಂಗಳ ಬಸುರಿ" ಎಂದಳು. ಕಡ್ಡಿಯಂಥ ದನಿ ಸ್ವಲ್ಪ ಬಾಗಿತ್ತು. "ಈ ಸಿಸ್ಟರ್ ಯಾವತ್ತು ಹೊರಡ್ತಾರೆ ಅಂತ ಕೇಳ್ತಿದ್ದಾಳೆ. ನಾನು ಸೋಮವಾರ ಅಂತ ಹೇಳ್ಲಾ?"

ಮಧ್ಯಾಹ್ನ ಬಸ್ಸಿಳಿದು ಸಿಸ್ಟರ್ ಬೀದಿಯಲ್ಲಿ ನಡೆದಳೋ ಓಡಿದಳೋ ಅವಳಿಗೇ ಗೊತ್ತಿಲ್ಲ. ಟೈಲರಪ್ಪ ಕುತ್ತಿಗೆಯಲ್ಲಿ ಅಳತೆಯ ಪಟ್ಟಿ ನೇತಾಡಿಸಿಕೊಂಡೇ ಹೊರಗೆ ಬಂದ. ಅತ್ತೆ ಮೆಟ್ಟಿಲ ಮೇಲೆ ಬೆಳಗಿನಿಂದ ಕೂತಿದ್ದಳು, ಊಟಕ್ಕೂ ಎದ್ದಿರಲಿಲ್ಲ. ಸೊಸೆ ಹತ್ತಿರ ಬರುತ್ತಲೇ ಕೈ ಎತ್ತಿ ತಡೆದಳು.

"ಪಾಸೋ ಫೇಲೋ ಆಮೇಲೆ. ಮಗು?"

"ರಬ್ಬರ್ ಗೊಂಬೆ ಅಲ್ವೇನಮ್ಮಾ..." ಎಂದ ಟೈಲರಪ್ಪ. ಯಾರು ಕೇಳಿಸಿಕೊಂಡರು?

ಸಿಸ್ಟರ್ ಅತ್ತೆಯ ಮುಂದೆ ನೆಲದ ಮೇಲೆ ಕೂತಳು. ಮೊಣಕಾಲು ಮುಟ್ಟಿದಳು, ಮುಖ ತೋರಿಸಿದಳು. ಎರಡೂ ತೋಳು ಮಡಚಿ ಮಗುವನ್ನು ಹಿಡಿದಂತೆ ಹಿಡಿದು ಬಾಯಗಲಿಸಿ ತೋರಿಸಿದಳು.

"ಅಳ್ತಾ?"

ಸೊಸೆ ತಲೆಯಾಡಿಸಿದಳು.

"ನಿಜ ಹೇಳು. ಜೋರಾಗಿ ಅಳ್ತಾ?" ಅತ್ತೆ ಮುಂದಕ್ಕೆ ಬಾಗಿದಳು. ಸೊಸೆ ಆ ಸುಕ್ಕುಗಟ್ಟಿದ ಕೈಯನ್ನು ತೆಗೆದು ತನ್ನ ಗಂಟಲಿನ ಮೇಲಿಟ್ಟುಕೊಂಡಳು. ಹತ್ತು ದಿನದಿಂದ ಕಟ್ಟಿಟ್ಟ ಬಾಯಿಯನ್ನು ಪೂರ್ತಿ ತೆರೆದು, ಆಗತಾನೆ ಹುಟ್ಟಿದ ಕೂಸಿನ ಹಾಗೆ ಬೀದಿ ಒಂದಾಗುವಂತೆ ಅತ್ತಳು. ಎದುರುಮನೆ ಕಿಟಕಿ ತೆರೆಯಿತು. ಪಕ್ಕದ ಮನೆಯವರು ಓಡಿ ಬಂದರು. ಅವಳು ನಿಲ್ಲಿಸಲಿಲ್ಲ. ಅತ್ತೆಯ ಬೆರಳುಗಳು ಅವಳ ಗಂಟಲಿನ ಮೇಲೆ ಬಿಗಿಯಾದವು, ಮುಖ ಅಗಲವಾಯಿತು, ಕಣ್ಣಿಂದ ನೀರು ದಳದಳ ಇಳಿಯಿತು.

"ಕೇಳಿಸ್ತು ಕಣೇ" ಎಂದಳು ಮುದುಕಿ. "ಕೇಳಿಸ್ತು. ಹೋಗು, ಅಲ್ಲಿರೋ ಮಕ್ಕಳನ್ನೆಲ್ಲ ಹೀಗೇ ಅಳ್ಸು."